ಕಂಪ್ಯೂಟರಿನಲ್ಲಿದ್ದು ಕಾಗದದಲ್ಲಿಲ್ಲದ ಬಾಗಿಲು

ನನಗೆ ತಾಳ್ಮೆ ಜಾಸ್ತಿ ಎಂದು ಹುಣಸೂರಿನ ನಮ್ಮ ಬೀದಿಯಲ್ಲಿ ಒಂದು ಹೆಸರಿದೆ. ನಾಲ್ಕು ದಿನ ನಲ್ಲಿಯಲ್ಲಿ ನೀರು ಬರದಿದ್ದರೂ ನಾನು ಯಾರ ಮೇಲೂ ರೇಗುವುದಿಲ್ಲ; ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸೊನ್ನೆ ಸುತ್ತಿ ಸುಮ್ಮನಾಗುತ್ತೇನೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದು, ಹೆಪ್ಪು ಕೆಟ್ಟಿದ್ದು, ನಮ್ಮ ಮನೆಯವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಹೋದದ್ದು, ಎಲ್ಲಕ್ಕೂ ಅಲ್ಲಿ ಒಂದೊಂದು ಗುರುತಿದೆ. ಅಡುಗೆಮನೆಯ ಹಿಂದಿನ ಗೋಡೆಗೆ ಒಂದು ಕಿಟಕಿ ಬೇಕು ಎಂಬ ನನ್ನ ಆಸೆಯನ್ನು ಅವರು ಕಡೆಗಣಿಸಿ ಒಂಬತ್ತು ವರ್ಷವಾಯಿತು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗಲೆಲ್ಲ ಕೆಮ್ಮುತ್ತೇನೆಯೇ ಹೊರತು ಅದರ ಬಗ್ಗೆ ಜಗಳ ತೆಗೆದಿಲ್ಲ. ಆದರೆ ನಿಮಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ಈ ತಾಳ್ಮೆಯೆಲ್ಲ ಮನುಷ್ಯರ ಜೊತೆ ಮಾತ್ರ. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತೆನೆಂದರೆ ನನ್ನ ಬಾಯಲ್ಲಿ ಬರುವ ಮಾತು ಕೇಳಿ ಪಕ್ಕದ ಟೈಲರ್ ಅಂಗಡಿಯವರು ಹೊಲಿಗೆ ನಿಲ್ಲಿಸುತ್ತಾರೆ.

ನನ್ನದು ಒಬ್ಬ ಎಂಜಿನಿಯರ್ ಹತ್ತಿರ ಮನೆ ಪ್ಲಾನು ಬರೆಯುವ ಕೆಲಸ. ಶುರುಮಾಡಿದಾಗ ಟ್ರೇಸಿಂಗ್ ಹಾಳೆ, ಇಂಕ್ ಪೆನ್ನು, ಅರ್ಧ ಬ್ಲೇಡು. ಗೆರೆ ಎಳೆದರೆ ಗೆರೆ ಇದೆ ಎಂದರ್ಥ. ತಪ್ಪಾದರೆ ಬ್ಲೇಡಿನಲ್ಲಿ ಹೆರೆಯುವುದು, ಹಾಳೆ ತೂತಾದರೆ ಸಾರ್ ಹತ್ತಿರ ಬೈಸಿಕೊಳ್ಳುವುದು. ಇದ್ದದ್ದು ಕಾಣುತ್ತಿತ್ತು, ಕಂಡದ್ದು ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಈ ಲೇಯರುಗಳು ಬಂದವು. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಅಂದುಕೊಳ್ಳಿ. ಗೋಡೆ ಒಂದು ಹಾಳೆಯಲ್ಲಿ, ಬಾಗಿಲು ಕಿಟಕಿ ಇನ್ನೊಂದರಲ್ಲಿ, ವೈರಿಂಗ್ ಮತ್ತೊಂದರಲ್ಲಿ. ಬೇಕಾದ ಹಾಳೆಯನ್ನು ತೋರಿಸಬಹುದು, ಬೇಡದ್ದನ್ನು ಮರೆಮಾಡಬಹುದು, ಯಾರೂ ಮುಟ್ಟದ ಹಾಗೆ ಬೀಗ ಹಾಕಬಹುದು. ಪರದೆಯ ಮೇಲೆ ಕಾಣುತ್ತಿರಲಿ, ಪ್ರಿಂಟಿಗೆ ಮಾತ್ರ ಬರಬೇಡ ಎಂದೂ ಹೇಳಬಹುದು. ಇಷ್ಟೆಲ್ಲ ಸೌಕರ್ಯ ಕೊಟ್ಟ ಪುಣ್ಯಾತ್ಮನಿಗೆ ಮನೆಯಲ್ಲಿ ಬೇರೆ ಕೆಲಸ ಇರಲಿಲ್ಲವೇನೋ.

ನಾನು ಇದಕ್ಕೆ ನಮ್ಮ ಕಡೆಯ ಪದ್ಧತಿಯೊಂದನ್ನು ಸೇರಿಸಿದ್ದೇನೆ. ನಮ್ಮ ಆಫೀಸಿಗೆ ಪ್ಲಾನು ಮಾಡಿಸಲು ಒಬ್ಬರು ಬರುವುದಿಲ್ಲ, ಗೂಡ್ಸ್ ಆಟೋದಲ್ಲಿ ಇಡೀ ಮನೆ ಬರುತ್ತದೆ. ಅತ್ತೆಗೆ ದೇವರಮನೆ ಈ ಕಡೆ, ಮೈದುನನಿಗೆ ಅಟ್ಯಾಚ್ ಬಾತ್‌ರೂಮು, ಸೋದರಮಾವನಿಗೆ ಮುಂದೊಂದು ಅಂಗಡಿ ಮಳಿಗೆ. ಅದಕ್ಕೇ ಯಾರು ಹೇಳಿದ್ದು ಎಂದು ಗೊತ್ತಿರಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಲೇಯರು ಮಾಡಿ, ಅಚ್ಚುಕಟ್ಟಾಗಿ ಕನ್ನಡದಲ್ಲೇ ಹೆಸರು ಬರೆದಿಡುತ್ತೇನೆ. ಹೆಂಗಸರು ಕೇಳುವ ಸಣ್ಣಪುಟ್ಟ ಬೇಡಿಕೆಗಳಿಗೂ, ಸಾರ್ ಇನ್ನೂ ಒಪ್ಪದ್ದಕ್ಕೂ ಒಂದು ಲೇಯರಿದೆ. ಅದರ ಹೆಸರು 'ಆಮೇಲೆ ನೋಡೋಣ'. ಅದು ಪರದೆಯಲ್ಲಿ ಕೆಂಪಗೆ ಕಾಣುತ್ತದೆ, ಕೇಳಿದವರು ಖುಷಿಯಾಗಿ ಆಟೋ ಹತ್ತುತ್ತಾರೆ. ಪ್ರಿಂಟಿಗೆ ಬರುವುದಿಲ್ಲ, ಸಾರ್ ತಲೆ ಕೆಡಿಸಿಕೊಳ್ಳುವುದಿಲ್ಲ. ಒಪ್ಪಿಗೆ ಸಿಕ್ಕಿದ ಮೇಲೆ ಅದನ್ನು ಬಾಗಿಲು ಕಿಟಕಿಯ ಲೇಯರಿಗೆ ದಾಟಿಸಿದರಾಯಿತು. ಎಷ್ಟು ಜಾಣತನ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಫೈಲು ಹಂಚಿಕೊಳ್ಳುವುದು ಇನ್ನೊಂದು ಗೋಳು. ನಾನು ಬರೆದ ಪ್ಲಾನಿಗೆ ಪಿಲ್ಲರು, ಕಬ್ಬಿಣದ ಲೆಕ್ಕ ಹಾಕುವವನು ಕೆ.ಆರ್. ನಗರದ ಪ್ರಕಾಶ. ಅವನ ಕಂಪ್ಯೂಟರು ಹಳೆಯದು, ನನ್ನ ಹೊಸ ಫೈಲು ಅಲ್ಲಿ ತೆರೆಯುವುದಿಲ್ಲ. ಹಳೆಯ ರೂಪಕ್ಕೆ ಇಳಿಸಿ ಕಳಿಸಿದರೆ ನನ್ನ ಕನ್ನಡವೆಲ್ಲ ಚೌಕ ಚೌಕ. "ಅಕ್ಕ, ಇದ್ರಲ್ಲಿ ಅತ್ತೆ ಯಾರು, ಮೈದುನ ಯಾರು ಒಂದೂ ಗೊತ್ತಾಗ್ತಿಲ್ಲ, ಎಲ್ಲಾ ಡಬ್ಬಾ ಡಬ್ಬಾ ಕಾಣ್ತವ್ರೆ" ಎನ್ನುತ್ತಾನೆ. ಅವನು ಏನೋ ತಿದ್ದಿ 'ಫೈನಲ್' ಎಂದು ವಾಪಸ್ ಕಳಿಸುತ್ತಾನೆ. ನಾನು ಅದನ್ನು ತಿದ್ದಿ 'ಫೈನಲ್ ಹೊಸದು' ಎನ್ನುತ್ತೇನೆ. ಅವನು 'ಫೈನಲ್ ಹೊಸದು ಇದೇ' ಎನ್ನುತ್ತಾನೆ. ಮನೆ ಎದ್ದು ಗೃಹಪ್ರವೇಶದ ಊಟ ಮುಗಿದರೂ ನಮ್ಮ ಫೈನಲ್ ಮುಗಿದಿರುವುದಿಲ್ಲ.

ಮೊನ್ನೆ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುತ್ತಿದ್ದಂತೆ ಫೋನು ಬಂತು. ಹಂಪಾಪುರದ ಪುಟ್ಟತಾಯಮ್ಮ. ಹನಗೋಡಿನಲ್ಲಿರುವ ಅವರ ಅಕ್ಕನ ಮನೆ ಪ್ಲಾನು ನಾನೇ ಬರೆದದ್ದು, ಆ ನಂಬಿಕೆಯ ಮೇಲೆ ನಮ್ಮಲ್ಲಿಗೆ ಬಂದವರು.

"ಅಲ್ಲ ಕಣವ್ವ, ನನ್ ಬಾಗ್ಲು ಎಲ್ಲೋಯ್ತು?"

"ಯಾವ ಬಾಗಿಲು ಪುಟ್ಟತಾಯಮ್ಮ?"

"ಅಡ್ಗೆಮನೆಯಿಂದ ಕೊಟ್ಗೆಗೆ ಓಗೋ ಬಾಗ್ಲು. ಮೇಸ್ತ್ರಿ ಇಟ್ಗೆ ಕಟ್ಕಂಡು ಬತ್ತಾವ್ನೆ, ಜಾಗನೇ ಬುಟ್ಟಿಲ್ಲ. ಕೇಳುದ್ರೆ ಪ್ಲಾನಲ್ಲಿ ಇಲ್ಲ ಅಂತಾನೆ. ಆ ಬಾಗ್ಲು ಇಲ್ದೆ ಓದ್ರೆ ಸಗಣಿ ಬುಟ್ಟಿ, ಆಲಿನ ಕ್ಯಾನು ಎಲ್ಲಾನೂವೆ ನಡುಮನೆ ಟೈಲ್ಸ್ ಮೇಲೆ ಒತ್ಕಂಡು ಸುತ್ತಾಕ್ಕಂಡು ಬರ್ಬೇಕು, ಸಾಯೋಗಂಟ. ನಾ ಕಂಪೂಟ್ರಲ್ಲಿ ಕಣ್ಣಾರೆ ನೋಡಿವ್ನಿ ಅಂದ್ರೆ ನಮ್ಮನೆಯವ್ರು, 'ನಿಂಗೆ ಕನಸು ಬಿದ್ದದೆ' ಅಂತ ಆಳುಗಳ ಮುಂದೆಲ್ಲ ನಗ್ತಾವ್ರೆ."

ಬಾಗಿಲು ಬೇಕೇಬೇಕೆಂದು ಅವರು ಹಟ ಹಿಡಿದದ್ದು, ಅಲ್ಲಿ ಫ್ರಿಜ್ ಇಡಬೇಕೆಂದು ಗಂಡ ಹೇಳಿದ್ದು, ಆಮೇಲೆ ಸಾರ್ ಒಪ್ಪಿ ನನಗೆ "ಬಾಗಿಲು ಕೊಟ್ಬಿಡಿ ಮೇಡಂ" ಎಂದದ್ದು ಎಲ್ಲ ನೆನಪಿತ್ತು. ಡೈರಿಯಲ್ಲೂ ಬರೆದಿದ್ದೆ. ಮೇಸ್ತ್ರಿಗೆ ಫೋನು ಮಾಡಿದೆ. "ಆ ಗೋಡೆ ಮದ್ಯಾನ್ದವರ್ಗೂ ಮುಟ್ಟಾಕಿಲ್ಲ ಮೇಡಂ. ಅಷ್ಟೊತ್ಗೆ ಕಾಗದ ತೋರ್ಸಿ. ಬಾಯ್ಮಾತಿಗೆಲ್ಲ ನಾ ಬಾಗ್ಲು ಬುಡಕಾಯ್ತದಾ?" ಎಂದ.

ಫೈಲು ತೆರೆದೆ. ಬಾಗಿಲು ಕೆಂಪಗೆ ಕೂತಿದೆ. ಪ್ರಿಂಟ್ ಕೊಟ್ಟೆ. ಗೋಡೆ ಬಂತು, ಒಲೆಕಟ್ಟೆ ಬಂತು, ಬೇಡದ ಫ್ರಿಜ್ಜೂ ಬಂತು. ಬಾಗಿಲು ಬರಲಿಲ್ಲ. ಬಾಗಿಲು ಕಿಟಕಿಯ ಲೇಯರು ನೋಡಿದೆ. ತೆರೆದೇ ಇತ್ತು, ಬೀಗವಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಪ್ರಿಂಟರಿನ ತಲೆಗೆ ಎರಡು ಕೊಟ್ಟೆ. ಬಾಗಿಲು ಬರಲಿಲ್ಲ. ನನಗೆ ರೇಗಿತು. ಇದು ಆ ಪ್ರಕಾಶನದೇ ಕೆಲಸ ಎಂದು ಫೋನು ಮಾಡಿದೆ.

"ನನ್ನ ಲೇಯರ್‌ನೆಲ್ಲ ಏನೋ ಮಾಡಿ ಇಟ್ಟಿದ್ದೀಯಲ್ಲೋ!"

"ಅಯ್ಯೋ ಅಕ್ಕ, ನಿಮ್ಮ ಡಬ್ಬಾನೆಲ್ಲ ನಾನ್ಯಾಕೆ ಮುಟ್ಲಿ? ನಾ ಪಿಲ್ಲರ್ ಬಿಟ್ರೆ ಬೇರೇದಕ್ಕೆ ಕೈ ಹಾಕಿಲ್ಲ ಕಣಕ್ಕ. ಆ ಗೆರೆ ಯಾವ ಲೇಯರ್‌ನಲ್ಲಿದೆ ಅಂತ ನೋಡಿದ್ರಾ?"

"ಇಪ್ಪತ್ತು ವರ್ಷದಿಂದ ಬರೀತಿದ್ದೀನಿ, ಬಾಗಿಲು ಯಾವ ಲೇಯರ್‌ನಲ್ಲಿ ಇರುತ್ತೆ ಅಂತ ನನಗೆ ಹೇಳಿಕೊಡ್ತೀಯಾ?" ಎಂದು ಫೋನು ಇಟ್ಟೆ. ಸಾರ್ ಪಿರಿಯಾಪಟ್ಟಣದ ಸೈಟಿಗೆ ಹೋಗಿದ್ದರು, ಫೋನು ಸಿಗಲಿಲ್ಲ. ಲ್ಯಾಪ್‌ಟಾಪಿಗೆ ಫೈಲು ಹಾಕಿಕೊಂಡು ಎಚ್.ಡಿ. ಕೋಟೆ ಬಸ್ಸು ಹತ್ತಿದೆ. ಕೋಟೆಯಲ್ಲಿ ಇಳಿದು ಹಂಪಾಪುರಕ್ಕೆ ಇನ್ನೊಂದು. ದಾರಿಯುದ್ದಕ್ಕೂ ಆ ಸಾಫ್ಟ್‌ವೇರ್ ಮಾಡಿದವರ ವಂಶವನ್ನೆಲ್ಲ ಮನಸ್ಸಿನಲ್ಲೇ ವಿಚಾರಿಸಿಕೊಂಡೆ.

ಸೈಟಿನಲ್ಲಿ ಜೋಡಿಸಿಟ್ಟ ಇಟ್ಟಿಗೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಪುಟ್ಟತಾಯಮ್ಮ ಸೆರಗಿನಿಂದ ಬಿಸಿಲು ಮರೆಮಾಡಿ ಬಗ್ಗಿ ನೋಡಿದರು. ಪರದೆಗೆ ಬೆರಳಿಟ್ಟು, "ನೋಡ್ಕಳಿ! ಕನಸಂತೆ ಕನಸು! ಬನ್ನಿ, ಎಲ್ರೂ ಬಂದು ನೋಡ್ಕಳಿ!" ಎಂದು ಗಂಡನನ್ನು ತೋಳು ಹಿಡಿದು ಎಳೆದು ತಂದರು. ಗಂಡ ನೋಡಿದರು, ಆಳುಗಳು ನೋಡಿದರು. ಮೇಸ್ತ್ರಿ ತನ್ನ ಕಾಗದವನ್ನೂ ಪರದೆಯನ್ನೂ ಮೂರು ಸಲ ನೋಡಿ, "ಅಲ್ಲ ಮೇಡಂ, ಇಲ್ಲಿರೋದು ಇಲ್ಲಿಗೆ ಯಾಕ್ ಬರ್ನಿಲ್ಲ?" ಎಂದ.

"ಅದು ಸಾಫ್ಟ್‌ವೇರ್..." ಎನ್ನುತ್ತಾ ಆ ಕೆಂಪು ಗೆರೆಯನ್ನು ಒತ್ತಿದೆ. ಪಕ್ಕದಲ್ಲಿ ಲೇಯರಿನ ಹೆಸರು ಮೂಡಿತು. ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೌಕವಾಗುವುದಿಲ್ಲ. ಮೇಸ್ತ್ರಿ ಕಣ್ಣು ಕಿರಿದು ಮಾಡಿ ಎಲ್ಲರಿಗೂ ಕೇಳುವಂತೆ ಓದಿದ: "ಆಮೇಲೆ... ನೋಡೋಣ."

ಸಾರ್ ಒಪ್ಪಿದ್ದನ್ನು ಡೈರಿಗೆ ದಾಟಿಸಿದ್ದೆ, ಲೇಯರಿಗೆ ದಾಟಿಸಿರಲಿಲ್ಲ. ಸಾಫ್ಟ್‌ವೇರು ನಾನು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. "ನನ್ನ ತಪ್ಪು, ಪುಟ್ಟತಾಯಮ್ಮ" ಎಂದು, ಇದ್ದ ವಿಷಯವನ್ನೆಲ್ಲ ಹೇಳಿಬಿಟ್ಟೆ.

"ಅಂದ್ರೆ ನಾವು ಕೇಳುದ್ದೆಲ್ಲ ಅಲ್ಲಿಗಾ ಆಕೋದು ನೀನು?" ಎಂದರು ಅವರು. ಬೈದಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಕೇಳಿದರು. ಮೇಸ್ತ್ರಿಯೇ ನನ್ನನ್ನು ಕಾಪಾಡಿದ. "ಓಗ್ಲಿ ಬುಡಿ, ನಾಕು ಸಾಲು ತಾನೆ, ಗಾರೆ ಇನ್ನೂ ಅಸಿ ಐತೆ" ಎಂದು ಕರಣೆಯಿಂದ ಇಟ್ಟಿಗೆ ಎಬ್ಬಿಸತೊಡಗಿದ. ಮೂರಡಿ ಜಾಗ ತೆರೆದುಕೊಂಡಿತು. ಪುಟ್ಟತಾಯಮ್ಮ ಕೂಡಲೇ ಅದರೊಳಗಿಂದ ಕೊಟ್ಟಿಗೆಗೆ ಹೋಗಿ, ವಾಪಸ್ ಬಂದು, ಗಂಡನ ಮುಖ ನೋಡಿಕೊಂಡು ಇನ್ನೊಂದು ಸಲ ಹೋದರು. ನಾನು ಹೊರಟಾಗ ಬ್ಯಾಗಿಗೆ ಅವರೆಕಾಯಿ ತುರುಕಿ, "ಇನ್ನೂ ಯಾರ್ಯಾರ್ ಬಾಗ್ಲ ಅಲ್ಲಿ ಮಡಿಕ್ಕಂಡಿದ್ದೀಯೋ, ಓಗಿ ನೋಡವ್ವ" ಎಂದರು.

ಮರುದಿನ ಪ್ರಕಾಶನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡು, ಹಳೆಯ ಫೈಲುಗಳನ್ನೆಲ್ಲ ತೆರೆದು ಕೂತೆ. ಸಾಲಿಗ್ರಾಮದ ಒಬ್ಬ ಟೀಚರಮ್ಮನ ಬಟ್ಟೆ ಒಗೆಯುವ ಕಲ್ಲು ಅಲ್ಲೇ ಇತ್ತು. ಪುಟ್ಟತಾಯಮ್ಮನ ಅಕ್ಕನ ಅಟ್ಟವೂ ಇತ್ತು. ಆ ಪುಣ್ಯಾತ್ಗಿತ್ತಿ ಇದುವರೆಗೂ ಒಂದು ಮಾತೂ ಕೇಳಿಲ್ಲ. ಕೊನೆಗೆ ನಮ್ಮ ಮನೆಯ ಅಡುಗೆಮನೆಯನ್ನು ದೊಡ್ಡದು ಮಾಡಿಸಿದಾಗಿನ ಫೈಲು ಸಿಕ್ಕಿತು. ಹಿಂದಿನ ಗೋಡೆಯಲ್ಲಿ ನನ್ನ ಕಿಟಕಿ, ನಾಲ್ಕಡಿ ಅಗಲ, ಕೆಂಪು ಬಣ್ಣ. ಲೇಯರಿನ ಹೆಸರು ನಾನು ಓದಲಿಲ್ಲ, ಓದಬೇಕಾಗಿಯೂ ಇರಲಿಲ್ಲ.

ಅದನ್ನು ಸರಿಯಾದ ಲೇಯರಿಗೆ ದಾಟಿಸಿ, ಪ್ರಿಂಟ್ ತೆಗೆದು, ಸಂಜೆ ಮನೆಯವರ ಕಾಫಿ ಲೋಟದ ಪಕ್ಕ ಇಟ್ಟೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇದೇನಿದು, ಕಿಟಕಿ? ಆವಾಗ ನೀನು ಕೊಟ್ಟ ಪ್ಲಾನಲ್ಲಿ ಇರಲಿಲ್ಲವಲ್ಲ. ಬೇಕು ಅಂದಿದ್ರೆ ಆಗಲೇ ಇಡಿಸ್ತಿದ್ನಲ್ಲೇ. ಹೇಳೋಕೇನಾಗಿತ್ತು ನಿನಗೆ?"

ಒಂಬತ್ತು ವರ್ಷದ ಹಳೆಯ ಕ್ಯಾಲೆಂಡರುಗಳು ಅಟ್ಟದ ಮೇಲಿವೆ. ಅವುಗಳಲ್ಲಿ ಅವರ ಹೆಸರಿಗೆ ಹಾಕಿದ ಗುರುತುಗಳನ್ನೆಲ್ಲ ಹೆರೆದು ತೆಗೆಯಲು, ಹಳೆಯ ಅರ್ಧ ಬ್ಲೇಡು ಇನ್ನೂ ಇದೆಯೇ ಎಂದು ಡ್ರಾಯರಿನಲ್ಲಿ ಹುಡುಕುತ್ತಿದ್ದೇನೆ.