ಹಲ್ಲಿನ ಡಾಕ್ಟರ ಹನ್ನೆರಡು ಗಂಟೆ

ಆಡಿದ ಒಂದೇ ಮಾತಿನಿಂದ ಹಲ್ಲಿನ ಡಾಕ್ಟರ ಬಾಯಿಗೆ ಬೀಗ ಬಿತ್ತು.

ಗುಡ್ಡದ ಸೀಮೆಯ ಹಳ್ಳಿಗಳಿಗೆ ಆಂಬುಲೆನ್ಸ್ ಹೆಲಿಕಾಪ್ಟರ್ ತರಿಸಲು ಊರಿನವರು ಚಂದಾ ಎತ್ತುತ್ತಿದ್ದರು. ಸಭೆಯಲ್ಲಿ ಡಾಕ್ಟರು ಮುಕ್ಕಾಲು ಗಂಟೆ ಭಾಷಣ ಬಿಗಿದು, "ಇದಕ್ಕೋಸ್ಕರ ನಾನು ಏನು ಬೇಕಾದ್ರೂ ಮಾಡ್ತೀನಿ!" ಎಂದರು.

"ಹಾಗಾದ್ರೆ ಒಂದು ದಿನ ಸುಮ್ಮನಿರಿ," ಎಂದರು ರಿಟೈರಾದ ಹೆಡ್‌ಮಾಸ್ತರು.

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಡಾಕ್ಟರು ತುಟಿ ಬಿಚ್ಚದಿದ್ದರೆ, ಕಡಿಮೆ ಬಿದ್ದ ಹಣವನ್ನೆಲ್ಲ ಊರವರು ಹಾಕುವುದು. ಒಂದು ಮಾತು ಜಾರಿದರೂ ಚಿಕ್ಕಾಸೂ ಇಲ್ಲ.

ಡಾಕ್ಟರು ಒಪ್ಪಿದರು. ಎರಡು ವರ್ಷದ ಹಿಂದೆ ಅವರ ಅಕ್ಕನಿಗೆ ಎದೆನೋವು ಬಂದಾಗ, ಟ್ರ್ಯಾಕ್ಟರಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆ ಮುಟ್ಟುವವರೆಗೆ ನಾಲ್ಕು ಗಂಟೆ ಕೂತಿದ್ದರು. ಅಕ್ಕ ಬದುಕಿದಳು. ಆದರೆ ಆ ನಾಲ್ಕು ಗಂಟೆಯ ಭಯ ತಮ್ಮನ ಎದೆಯಿಂದ ಇನ್ನೂ ಹೋಗಿರಲಿಲ್ಲ.

ಮರುದಿನ ಕ್ಲಿನಿಕ್ಕಿನ ಬಾಗಿಲು ತೆರೆದರೆ ಹೊರಗೆ ಮಾರುದ್ದ ಸಾಲು. ಒಬ್ಬರಿಗೂ ಹಲ್ಲುನೋವಿಲ್ಲ! ಇಪ್ಪತ್ತು ವರ್ಷ ಇವರೆಲ್ಲರ ಬಾಯಿಗೆ ಹತ್ತಿ ತುರುಕಿ ಡಾಕ್ಟರು ಉಪನ್ಯಾಸ ಕೊಟ್ಟಿದ್ದರು. ಇವತ್ತು ಅವರೆಲ್ಲ ಉತ್ತರ ಕೊಡಲು ಬಂದಿದ್ದರು.

ಹೆಡ್‌ಮಾಸ್ತರು ಕುರ್ಚಿಯಲ್ಲಿ ಒರಗಿದರು. "ನನ್ನ ದವಡೆ ಹಲ್ಲು ಕೀಳೋವಾಗ, ಭೂಮಿ ನಿಧಾನವಾಗಿ ತಿರುಗ್ತಿದೆ, ಅದಕ್ಕೇ ಎಲ್ಲರಿಗೂ ಮಂಡಿನೋವು ಅಂದ್ರಲ್ಲ? ತಪ್ಪು!" ಎಂದು ಶುರುಮಾಡಿದವರು ಪೂರ್ತಿ ಒಂದು ಪೀರಿಯಡ್ ಮುಗಿಸಿಯೇ ಎದ್ದರು. ಆಮೇಲೆ ಬಂದ ಇಸ್ತ್ರಿ ಅಂಗಡಿಯಾಕೆ, "ನನ್ನ ಸೊಸೆ ಒಳ್ಳೆಯವಳು ಅಂದಿದ್ರಿ. ಈಗ ಕೇಳಿ," ಎಂದು ಸೆರಗು ಬಿಗಿದಳು.

ನಾಲ್ಕು ಗಂಟೆಗೆ ಡಾಕ್ಟರ ಹೆಂಡತಿಯ ತಮ್ಮ ಬಂದು ಸಾಲಿನವರಿಗೆಲ್ಲ ಕೇಳುವಂತೆ ಹೇಳಿದ. "ಆವತ್ತು ಟ್ರ್ಯಾಕ್ಟರಲ್ಲಿ ಇವರಕ್ಕನ ತಲೆ ಹಿಡ್ಕೊಂಡು ಹೋದವನು ನಾನು. ಭಾವ ಗಾಬರಿಬಿದ್ದು ಮನೇಲೇ ಕೂತಿದ್ರು. ಅಲ್ವಾ ಭಾವ? ಸುಳ್ಳಾದ್ರೆ ಹೇಳ್ಬಿಡಿ!"

ಡಾಕ್ಟರು ಸೀಟಿ ಹೊಡೆಯಲಿರುವ ಕುಕ್ಕರಿನಂತೆ ಅದುರಿದರು. ನಾಲಿಗೆಯ ತುದಿಗೆ ಬಂದದ್ದು ಹೊರಬೀಳುವ ಮೊದಲೇ, ಕೈಗೆ ಸಿಕ್ಕಷ್ಟು ಹತ್ತಿಯನ್ನು ತಮ್ಮ ಬಾಯಿಗೇ ತುರುಕಿಕೊಂಡರು.

ಸಂಜೆ ಸರಿಯಾಗಿ ಆರು. ಮೈದಾನದಲ್ಲಿ ಜನವೋ ಜನ. "ಗೆದ್ರಿ ಡಾಕ್ಟ್ರೇ! ಹೆಲಿಕಾಪ್ಟರ್ ನಮ್ಮದಾಯ್ತು!" ಎಂದು ಹೆಡ್‌ಮಾಸ್ತರು ಅವರನ್ನು ತಬ್ಬಿಕೊಂಡರು. ಜನ ಹೆಗಲ ಮೇಲೆ ಹೊತ್ತು ಕುಣಿದರು. ಮುಂದಿನ ಸಾಲಿನಲ್ಲಿ ಅಕ್ಕ ಕಣ್ಣೊರೆಸಿಕೊಂಡಳು. ಡಾಕ್ಟರಿಗೆ ಜನ್ಮ ಸಾರ್ಥಕವೆನಿಸಿತು. ಬಾಯಿಯ ಹತ್ತಿ ತೆಗೆದು ಮೈಕು ಹಿಡಿದರು. ಮೊದಲು ಭಾವಮೈದನ ಬಣ್ಣ ಬಯಲು, ಆಮೇಲೆ ಭೂಮಿಯ ವಿಚಾರ.

"ಮಹಾಜನಗಳೇ..."

ಗುಡ್ಡದಾಚೆಯಿಂದ ಗಡಗಡ ಸದ್ದು. ಹಣ ಪೂರ್ತಿಯಾಯಿತೆಂದು ಫೋನು ಹೋದದ್ದೇ ತಡ, ಇಳಿಯುವ ಜಾಗ ಪರೀಕ್ಷಿಸಲು ಹೆಲಿಕಾಪ್ಟರೇ ಬಂದುಬಿಟ್ಟಿತ್ತು! ಜನ ಹೋ ಎಂದು ಅತ್ತ ಓಡಿದರು. ಡಾಕ್ಟರು ಅರಚಿದ ಸತ್ಯ ಸ್ವತಃ ಅವರ ಕಿವಿಗೇ ಬೀಳಲಿಲ್ಲ. ಸದ್ದಡಗಿದಾಗ ಭಾವಮೈದ ಪೈಲಟ್ಟಿಗೆ ಟ್ರ್ಯಾಕ್ಟರಿನ ಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದ.

ಎದುರಿಗೆ ಉಳಿದವಳು ಹೆಂಡತಿ ಒಬ್ಬಳೇ. ಅವಳ ಕಣ್ಣಲ್ಲಿ ಹೆಮ್ಮೆ ತುಂಬಿತ್ತು. ಡಾಕ್ಟರು ಪಕ್ಕದಲ್ಲಿ ಕೂತು ಹನ್ನೆರಡು ಗಂಟೆಯ ಮಾತನ್ನೆಲ್ಲ ಸುರಿದರು. ಪ್ರತಿಯೊಂದಕ್ಕೂ ಅವಳು ನಗುತ್ತ ತಲೆಯಾಡಿಸಿದಳು. ಕೊನೆಗೆ ಗಂಟಲು ಪೂರ್ತಿ ಕಟ್ಟಿ, "ಏನಂತೀಯಾ?" ಎಂದು ಅವಳ ತೋಳು ಮುಟ್ಟಿದರು.

ಹೆಂಡತಿ ಎರಡೂ ಕಿವಿಗಳಿಂದ ಕ್ಲಿನಿಕ್ಕಿನ ಹತ್ತಿಯನ್ನು ಎಳೆದು ತೆಗೆದಳು.

"ಏನೋ ಹೇಳ್ತಿದ್ರಾ?"