ದುರ್ಬೀನಿನೊಳಗಿನ ಮಂಜು

ಅಗ್ಗದ ವಸ್ತು ಕೊಂಡವನ ಮನಸ್ಸೇ ಬೇರೆ. ದುಬಾರಿಯದನ್ನು ಕೊಂಡವನು ಅದರ ದೋಷವನ್ನು ಊರಿಗೆ ಗೊತ್ತಾಗದಂತೆ ಮುಚ್ಚಿಡುತ್ತಾನೆ. ಅಗ್ಗದ್ದನ್ನು ಕೊಂಡವನು ಪೆಟ್ಟಿಗೆ ಬಿಚ್ಚುವ ಮೊದಲೇ ದೋಷ ಹುಡುಕಲು ಕೂರುತ್ತಾನೆ. ನಾನು ಎರಡನೆಯ ಪಂಗಡದವನು. ಸಾಲದ್ದಕ್ಕೆ ನಮ್ಮೂರು ಮಳಗಿಯಲ್ಲಿ ಈ ವಿದ್ಯೆಗೆ ನನ್ನದೇ ಹೆಸರು. ಮುಂಡಗೋಡದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಊಟದ ಬಿಡುವಿನಲ್ಲಿ ಯಾವ ವಸ್ತುವಿನ ಬಗ್ಗೆ ಯಾರು ಏನು ಬರೆದಿದ್ದಾರೆಂದು ಮೊಬೈಲಿನಲ್ಲಿ ಓದುತ್ತಿರುತ್ತೇನಾದ್ದರಿಂದ, ಮಿಕ್ಸರ್ ಕೊಳ್ಳುವವರೂ ನನ್ನನ್ನು ಕೇಳಿಯೇ ಕೊಳ್ಳುತ್ತಾರೆ. ಪಕ್ಕದ ಮನೆಯ ಬಸಣ್ಣನಂತೂ ನಾನು ಹೂಂ ಅನ್ನದೆ ಟಾರ್ಚಿಗೆ ಸೆಲ್ಲು ಹಾಕುವವನೂ ಅಲ್ಲ. ನನ್ನ ಫೋನಿನಂಥದೇ ಫೋನು ಕೊಳ್ಳಲು ಹೊರಟಿದ್ದ ಅವನನ್ನು, “ಬ್ಯಾಡ ಬಿಡು ಬಸಣ್ಣಾ, ಅದರ ಕ್ಯಾಮೆರಾ ಖರಾಬ ಐತಿ. ಮದುವಿ ಫೋಟೋ ತಗದ್ರ ಮದುಮಕ್ಕಳು ಹೊಗಿಯೊಳಗ ನಿಂತಂಗ ಕಾಣ್ತಾರ” ಎಂದು ತಡೆದವನು ನಾನೇ. ಕಾಸಿಗೆ ತಕ್ಕ ಕಜ್ಜಾಯ ಎಂದು ಮೇಲೊಂದು ಗಾದೆಯನ್ನೂ ಹೇಳಿ ಕಳಿಸಿದ್ದೆ.

ಇಂಥ ನಾನು ಆನ್‌ಲೈನಿನಲ್ಲಿ ದುರ್ಬೀನು ತರಿಸಿದ್ದು ಅವ್ವನಿಗಾಗಿ. ನಮ್ಮ ಹಿತ್ತಲಿನಾಚೆ ಕೆರೆ, ಕೆರೆಯ ನಡುವೆ ನೀರಲ್ಲಿ ನಿಂತ ಜಾಲಿ ಮರ, ಮರದ ತುಂಬ ಕೊಕ್ಕರೆಗಳ ಗೂಡು. ಮೊದಲೆಲ್ಲ ಅವ್ವ ಕೆರೆಯ ಏರಿಯ ಮೇಲೆ ನಡೆದುಹೋಗಿ ನೋಡಿಕೊಂಡು ಬಂದು, ಯಾವ ಗೂಡಿನಲ್ಲಿ ಬಾಣಂತನ ಹೇಗೆ ನಡೆದಿದೆಯೆಂದು ಮನೆಮಂದಿಗೆಲ್ಲ ವರದಿ ಒಪ್ಪಿಸುತ್ತಿದ್ದಳು. ಈ ವರ್ಷ ಅವಳಿಗೆ ಮೊಣಕಾಲು ಕೈಕೊಟ್ಟಿತು. ಹಿತ್ತಲ ಕಟ್ಟೆಯ ಮೇಲೆ ಕೂತು, ಹುಬ್ಬಿಗೆ ಕೈ ಹಚ್ಚಿ, “ಮರಿ ಆಗ್ಯಾವೋ ಇಲ್ಲೋ, ಒಂದ ಸಲ ನೋಡಿದ್ರ ಸಾಕಿತ್ತು ತಮ್ಮಾ” ಎನ್ನುತ್ತಿದ್ದಳು. ಆ ಮಾತು ನನ್ನ ಎದೆಗೆ ತಟ್ಟಿತು. ತಟ್ಟಿತಾದರೂ, ದುಬಾರಿ ದುರ್ಬೀನು ತರಿಸುವಷ್ಟು ತಟ್ಟಲಿಲ್ಲ.

ನಮ್ಮ ಮನೆಗೆ ಹೊಸದು ಏನೇ ಬರಲಿ, ಕುಕ್ಕರೋ ಕೊಡೆಯೋ, ಅವ್ವ ಅದನ್ನು ದೇವರ ಜಗಲಿಯ ಮುಂದಿಟ್ಟು ಪೂಜೆ ಮಾಡಿದ ಮೇಲೇ ಬಳಸಬೇಕು. ದುರ್ಬೀನಿಗೂ ಊದುಬತ್ತಿ, ಹೂವು ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಕಣ್ಣಿಗೆ ಹಚ್ಚಿ ನೋಡಿದೆ, ಬರೀ ಮಂಜು. ಭತ್ತದ ಕೊಯ್ಲಿನ ಕಾಲ, ಮಂಜು ಬೀಳುವುದೇ ಎಂದುಕೊಂಡೆ. ಮಧ್ಯಾಹ್ನ ನೋಡಿದರೂ ಮಂಜು. ತಿರುಪು ತಿರುಗಿಸಿದೆ, ಮಂಜು ಇನ್ನಷ್ಟು ಹತ್ತಿರ ಬಂತು. ನನ್ನ ಹೆಂಡತಿ ಗಿರಿಜಾ ಇಸಿದುಕೊಂಡು ನೋಡಿ, “ಮರದಾಗ ಮೋಡ ಐತೋ, ಮೋಡದಾಗ ಮರ ಐತೋ, ತಿಳೀವಲ್ದು” ಎಂದಳು. ಅವ್ವ ಮಾತ್ರ ಬಹಳ ಹೊತ್ತು ನೋಡಿದಳು. “ಬೆಳ್ಳಗ ಏನೋ ಅಲಗ್ಯಾಡತೈತಿ. ಮರಿನ ಇರಬೇಕು” ಎಂದವಳು, ನನ್ನ ಮುಖ ನೋಡಿ, “ಇರಲಿ ಬಿಡು, ಪಾಪ ಅದಾದ್ರೂ ಎಷ್ಟಂತ ತೋರಿಸೀತು” ಎಂದು ದುರ್ಬೀನಿನ ಪರವಾಗಿಯೇ ಮಾತಾಡಿದಳು.

ನನ್ನ ತೀರ್ಪು ಆಗಿಹೋಗಿತ್ತು. ಇದನ್ನು ವಾಪಸ್ ಕಳಿಸಿ, ಮುಂದಿನ ತಿಂಗಳು ಹುಬ್ಬಳ್ಳಿಯಿಂದ ಒಳ್ಳೆಯದನ್ನು ತರುತ್ತೇನೆ ಎಂದೆ. “ಅಷ್ಟೊತ್ತಿಗೆ ಅವು ಹಾರಿ ಹೋಗಿರ್ತಾವ” ಎಂದಳು ಅವ್ವ. ನನಗೆ ಕೆಡುಕೆನಿಸಿತು. ಆದರೆ ವಾಪಸ್ ಕಳಿಸಲು ಅಂದೇ ಕೊನೆಯ ದಿನ, ದೋಷದ ಫೋಟೋ ಬೇರೆ ಕಳಿಸಬೇಕಿತ್ತು. ದುರ್ಬೀನಿನ ಮುಂಭಾಗದ ಗಾಜನ್ನು ಫೋನಿನಲ್ಲಿ ಹಿಡಿದೆ. ಗಾಜಿನ ಮೇಲೆ ಮಂಜು ಚೆನ್ನಾಗಿಯೇ ಬಂದಿತ್ತು. ಸಾಕ್ಷಿ ಸಿಕ್ಕಿತೆಂದು ಗಿರಿಜಾಗೆ ತೋರಿಸಿದರೆ, ಅವಳು ಫೋಟೋದ ಅಂಚಿನಲ್ಲಿ ಸೇರಿಕೊಂಡಿದ್ದ ನನ್ನ ಬೆರಳನ್ನು ನೋಡಿ ಕೇಳಿದಳು: “ಅಲ್ರೀ, ನಿಮ್ಮ ಹೆಬ್ಬೆರಳಿಗೂ ಮಂಜು ಮುಸುಕೈತೇನು?”

ಆಗ ಫೋಟೋ ಬಿಟ್ಟು ದುರ್ಬೀನನ್ನೇ ಬಿಸಿಲಿಗೆ ಓರೆ ಹಿಡಿದೆ. ಗಾಜಿನ ತುಂಬ ಬಿಳಿಯ ತೆಳು ಪೊರೆ. ಬೆರಳಾಡಿಸಿದರೆ ಬೆರಳಿಗೆ ಬಂತು. ವಿಭೂತಿ. ವಿಭೂತಿಯನ್ನು ಲುಂಗಿಗೆ ಒರೆಸಿಕೊಳ್ಳುವುದುಂಟೇ, ಹಣೆಗೆ ಹಚ್ಚಿಕೊಂಡೆ. “ಹೊಸಾ ವಸ್ತುಕ್ಕ ಹಚ್ಚಲಾರದ ಬಿಡ್ತಾರೇನು? ಎರಡೂ ಕಣ್ಣಿಗೆ ಮೂರ ಮೂರ ಬಟ್ಟು ಎಳದೇನಿ” ಎಂದಳು ಅವ್ವ. “ನೋಡಾಕ ಅಡ್ಡ ಆದೀತಂತ ನಾನ ಸೆರಗಿಲೆ ಒರಸಿದ್ನೆಲ್ಲ ಅತ್ತಿ” ಎಂದಳು ಗಿರಿಜಾ. ಒರೆಸಿದ್ದಳು, ನಿಜ, ಮೂರು ಗೆರೆಗಳಿದ್ದದ್ದನ್ನು ಗಾಜಿನ ತುಂಬ ಹರಡಿದ್ದಳು. ಊರಿನ ವಸ್ತುಗಳನ್ನೆಲ್ಲ ಪರೀಕ್ಷಿಸುವ ನಾನು, ಈ ದುರ್ಬೀನನ್ನು ಹಿಂದಿನಿಂದ ನೋಡಿದ್ದೇ ಹೊರತು ಮುಂದಿನಿಂದ ಬರಿಗಣ್ಣಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಮೆತ್ತನೆಯ ಹಸಿ ಬಟ್ಟೆಯಿಂದ ಒರೆಸಿ ಅವ್ವನ ಕೈಗೆ ಕೊಟ್ಟೆ. ಅವಳು ಉಸಿರು ಬಿಗಿಹಿಡಿದು ನೋಡಿದಳು. “ಆಗ್ಯಾವೋ ತಮ್ಮಾ. ಮೂರು ಅದಾವ. ಒಂದು ಬಾಯಿ ತಕ್ಕೊಂಡ ಕುಂತೈತಿ ನೋಡು, ಸಣ್ಣಾವಿದ್ದಾಗ ನೀ ಹಿಂಗ ಕೂಡ್ತಿದ್ದಿ” ಎಂದಳು. ನನ್ನ ಕಣ್ಣು ಒದ್ದೆಯಾಯಿತು. ಆ ಬೆಲೆಗೆ ಇಷ್ಟು ಸಂತೋಷ ಎಲ್ಲೂ ಸಿಗದೆಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಆ ಸಂತೋಷದಲ್ಲೇ ಅವ್ವನ ಫೋಟೋ ತೆಗೆದೆ. ಮತ್ತೆ ಮಂಜು. ಆಗ ಗಿರಿಜಾ ಕೇಳಿದ ಹೆಬ್ಬೆರಳಿನ ಪ್ರಶ್ನೆ ನೆನಪಾಗಿ, ಫೋನಿನ ಕವಚ ಬಿಚ್ಚಿದೆ. ಫೋನು ಹೊಸದಿದ್ದಾಗ, ಅದರ ಪೂಜೆಯಾದ ಮರುದಿನ, ಸಂತೆಯಲ್ಲಿ ಕೊಂಡು ನಾನೇ ಹಾಕಿದ್ದ, ಕ್ಯಾಮೆರಾವನ್ನೂ ಗಾಜಿನಿಂದ ಮುಚ್ಚುವ ಕವಚ. ಅದರಡಿ, ಕ್ಯಾಮೆರಾದ ಕಣ್ಣಿನ ಮೇಲೆ, ಅವ್ವನ ಆಶೀರ್ವಾದ ಹಾಗೇ ಬೆಚ್ಚಗೆ ಕೂತಿತ್ತು. ನಮ್ಮ ಬಳಗದ ಅಷ್ಟೂ ಮದುವೆ, ಸೀಮಂತಗಳು ಇಷ್ಟು ದಿನ ವಿಭೂತಿಯೊಳಗೇ ನಡೆದುಹೋಗಿದ್ದವು. ಹಣೆಗೆ ಇನ್ನೊಂದು ಸಲ ಹಚ್ಚಿಕೊಂಡು ಫೋಟೋ ತೆಗೆದರೆ, ಅವ್ವನ ಹಣೆಯ ಗೆರೆಗಳನ್ನು ಎಣಿಸುವಷ್ಟು ಸ್ವಚ್ಛವಾಗಿ ಬಂತು. ಹಿಗ್ಗಿನಲ್ಲಿ ಬಸಣ್ಣನಿಗೂ ಕಳಿಸಿಬಿಟ್ಟೆ.

ಬಸಣ್ಣ ಬೇಲಿಯ ಹತ್ತಿರ ಬಂದೇಬಿಟ್ಟ. “ಫೋಟೋ ಭಾಳ ಛಲೋ ಬಂದೈತ್ರಿ. ಆ ಖರಾಬ ಫೋನ್ ಒಗದು ಹೊಸಾದು ತಗೊಂಡ್ರೇನು? ಯಾವ ಕಂಪನೀದು ಹೇಳ್ರಿ, ನಾನೂ ಅದನ್ನ ತಗೋತೇನಿ” ಎಂದ. ನಾನು ಕೆಮ್ಮಿದೆ, ಕೆರೆಯ ಕಡೆ ನೋಡಿದೆ, ಈ ಸಲದ ಭತ್ತದ ಮಾತು ತೆಗೆದೆ. ಅವ್ವ ದುರ್ಬೀನನ್ನು ಮರದಿಂದ ಸರಿಸಿ ಸೀದಾ ನನ್ನ ಮುಖಕ್ಕೆ ಹಿಡಿದಳು.

“ಖರೇದ್ದು ಹೇಳಿಬಿಡು ತಮ್ಮಾ,” ಎಂದಳು, “ಇದರಾಗ ಈಗ ಎಲ್ಲಾ ಕಾಣ್ತೈತಿ.”