ಕೂಡಿದ್ದು ಬೇಕೋ, ಬ್ಯಾರೆ ಬ್ಯಾರೆ ಬೇಕೋ?

ಹಾಡು ಕೇಳುವ ಯಂತ್ರ ಮಾರುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನೇ ಬಸ್ಸು ಹತ್ತಿ ಅಂಗಡಿಗೆ ಬಂದು ಕೂಡುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಗದಗಿನ ಒಂದು ರೇಡಿಯೋ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದೆ. ಆಗ ಮನೆಯಲ್ಲಿ ರೆಕಾರ್ಡ್ ಹಾಕಿ ಹಾಡು ಕೇಳಬೇಕೆಂದರೆ ಎರಡು ದಾರಿ ಇದ್ದವು. ಒಂದು ರೇಡಿಯೋಗ್ರಾಮ್: ರೇಡಿಯೋ, ರೆಕಾರ್ಡ್ ಪ್ಲೇಯರ್, ಸ್ಪೀಕರ್ ಎಲ್ಲವೂ ಒಂದೇ ದೊಡ್ಡ ಕಟ್ಟಿಗೆ ಪೆಟ್ಟಿಗೆಯಲ್ಲಿ. ಇನ್ನೊಂದರಲ್ಲಿ ಪ್ಲೇಯರ್ ಬೇರೆ, ಆಂಪ್ಲಿಫೈಯರ್ ಬೇರೆ, ಎರಡು ಸ್ಪೀಕರ್ ಬೇರೆ. ಯಾವುದು ಒಳ್ಳೆಯದು ಎಂದು ನಮ್ಮ ಮಾಲಕರನ್ನು ಕೇಳಿದರೆ, "ಗಿರಾಕಿ ಯಾವುದನ್ನ ಮುಟ್ಟಿ ಮುಟ್ಟಿ ನೋಡ್ತಾನೋ ಅದ ಛಲೋ" ಎನ್ನುತ್ತಿದ್ದರು. ನನ್ನ ಕೆಲಸ ಒಂದೇ ಪ್ರಶ್ನೆ ಕೇಳುವುದು. ಆ ಪ್ರಶ್ನೆಯೇ ನನ್ನನ್ನು ಎಷ್ಟೋ ಸಲ ಪೇಚಿಗೆ ಸಿಲುಕಿಸಿತು.

ಮನಿ ಮುರಿಯಾಂವ

ಶಿರಹಟ್ಟಿ ಕಡೆಯ ಒಬ್ಬ ಜಮೀನುದಾರರು ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರ ಜೊತೆ ಅಂಗಡಿಗೆ ಬಂದರು. ತುಂಬಿದ ಮನೆತನ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕುರ್ಚಿ ಹಾಕಿ, ನೀರು ಕೊಟ್ಟು, ನನ್ನ ರೂಢಿಯ ಪ್ರಶ್ನೆ ಕೇಳಿದೆ.

"ಯಜಮಾನ್ರ, ನಿಮಗ ಕೂಡಿದ್ದು ಬೇಕೋ, ಬ್ಯಾರೆ ಬ್ಯಾರೆ ಬೇಕೋ?"

ಯಜಮಾನರ ಮುಖ ಕೆಂಪಗಾಯಿತು. "ಯಾರು ಹೇಳಿದ್ರಲೇ ನಿನಗ, ನಮ್ಮ ಮನಿ ಸುದ್ದಿ?"

"ಏನ್ ಸುದ್ದಿ ರಿ?"

"ನಾ ಇರೂತನಕಾ ನಮ್ಮ ಮನ್ಯಾಗ ಯಾರೂ ಬ್ಯಾರೆ ಆಗೂದಿಲ್ಲ!"

ಮಕ್ಕಳಿಬ್ಬರೂ ನೆಲ ನೋಡಿದರು. ಸೊಸೆಯರು ಸೆರಗು ಎಳೆದುಕೊಂಡರು. ನಾನು ಸುಧಾರಿಸಲು ಹೋಗಿ, "ಹಂಗಲ್ರಿ, ಬ್ಯಾರೆ ಇದ್ರ ಆವಾಜ ಛಲೋ ಬರ್ತೈತಿ" ಎಂದೆ.

"ಬರದ ಏನ ಮಾಡೀತು! ಬ್ಯಾರೆ ಆದ್ರ ಊರ ಮಂದೀಗೆಲ್ಲಾ ಕೇಳಸ್ತೈತಿ ಆವಾಜ!"

ಮಾಲಕರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದು ರೇಡಿಯೋಗ್ರಾಮಿನ ಮುಚ್ಚಳ ತೆರೆದು, "ಯಜಮಾನ್ರ, ಹುಡುಗ ಕೇಳಿದ್ದು ಈ ಪೆಟಗಿ ಮಾತು ರಿ, ನಿಮ್ಮ ಮನಿ ಮಾತಲ್ಲ" ಎಂದು ಬಿಡಿಸಿ ಹೇಳಿದರು. ಯಜಮಾನರು ಉಸಿರು ಬಿಟ್ಟರು. ಮಕ್ಕಳೂ ಬಿಟ್ಟರು. ನಾನೂ ಬಿಟ್ಟೆ. "ಹಂಗಾರ ಕೂಡಿದ್ದ ಕೊಡ್ರಿ" ಎಂದು ರೇಡಿಯೋಗ್ರಾಮನ್ನೇ ಆರಿಸಿಕೊಂಡರು.

ಎಲ್ಲರೂ ಹೊರಗೆ ಹೋಗುವಾಗ ಸಣ್ಣ ಸೊಸೆ ಒಂದು ಹೆಜ್ಜೆ ಹಿಂದೆ ಉಳಿದು, ಮೆಲ್ಲಗೆ ಕೇಳಿದಳು: "ಅಣ್ಣಾರ, ಆ ಬ್ಯಾರೆ ಬ್ಯಾರೇದ್ದು ಮುಂದಿನ ವರ್ಷಾನೂ ಸಿಗತೈತೇನ್ರಿ?"

ಗವಾಯಿ ಎಲ್ಲಿ ಹೋದ?

ಲಕ್ಷ್ಮೇಶ್ವರದ ಒಬ್ಬರು ಕಚೇರಿಯಲ್ಲಿ ಗುಮಾಸ್ತರು. ಮನೆತನದ್ದು ಗುಡಿಯ ಪೂಜೆ, ಸ್ವಂತದ್ದು ಸಂಗೀತದ ಹುಚ್ಚು. ಅವರು ಬಿಡಿಬಿಡಿಯಾದದ್ದನ್ನೇ ಒಯ್ದರು. ಎಂಟು ದಿನಕ್ಕೆ ಬೆಳಗಿನ ಬಸ್ಸಿಗೇ ತಿರುಗಿ ಬಂದರು.

"ಮರ್ಯಾದಿ ಹೋತ್ರೀ ನಂದು! ನಾಲ್ಕು ಮಂದಿ ಹಿರಿಯರನ್ನ ಕರದು ಹಾಡು ಕೇಳಸ್ಲಿಕ್ಕೆ ಕೂತರ, ತಬಲಾ ಅದ, ಪೇಟಿ ಅದ, ಹಾಡಾಂವನ ಇಲ್ಲ!"

"ಒಟ್ಟ ಕೇಳಸೂದಿಲ್ಲೇನ್ರಿ?"

"ಎಲ್ಲೋ ಬಾವ್ಯಾಗ ಕೂತು ಹಾಡಿಧಾಂಗ ಕೇಳಸ್ತದ."

ಅವರ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ನನಗೆ ಅಂಜಿಕೆ, ಪ್ಲೇಯರಿನ ಮುಳ್ಳು ಕೆಟ್ಟಿರಬಹುದೇ, ಆಂಪ್ಲಿಫೈಯರ್ ಸುಟ್ಟಿರಬಹುದೇ ಎಂದು. ಮನೆ ಮುಟ್ಟಿದರೆ, ಪಡಸಾಲೆಯಲ್ಲಿ ಮಣೆಯ ಮೇಲೆ ಒಂದೇ ಸ್ಪೀಕರ್. ಇನ್ನೊಂದರ ವೈರು ಗೋಡೆ ಹಿಡಿದು ಒಳಗೆ ಹೋಗಿತ್ತು.

"ಅದು ಎಲ್ಲಿಗ್ರಿ ಹೋಗಿದ್ದು?"

"ಅಡಗಿ ಮನಿಗೆ. ಆಕಿನೂ ಕೆಲಸಾ ಮಾಡ್ಕೋತ ಕೇಳ್ಲಿ ಅಂತ."

ನನ್ನ ಜೀವ ತಣ್ಣಗಾಯಿತು. ಅದು ಸ್ಟೀರಿಯೋ ರೆಕಾರ್ಡು. ಒಂದು ಸ್ಪೀಕರಿನಲ್ಲಿ ಹಾಡುವವನ ದನಿ, ಇನ್ನೊಂದರಲ್ಲಿ ತಬಲಾ, ಹಾರ್ಮೋನಿಯಂ ಪೇಟಿ. ರೆಕಾರ್ಡು ಹಾಕಿ ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕದಲ್ಲಿ ಗವಾಯಿ ಗಂಟಲು ಬಿಚ್ಚಿ ಹಾಡುತ್ತಿದ್ದಾನೆ, ಅವನೆದುರು ಕೂತು ಗುಮಾಸ್ತರ ಹೆಂಡತಿ ಚಟ್ನಿ ಕುಟ್ಟುತ್ತಿದ್ದಾರೆ.

ವಿಷಯ ತಿಳಿದ ಮೇಲೆ ಆ ತಾಯಿ ಕೈ ಒರೆಸಿಕೊಳ್ಳುತ್ತ ಹೇಳಿದರು: "ಹಂಗೇನ್ರಿ! ನಾ ದಿನಾ ಮರಗತಿದ್ದೆ. ಇಷ್ಟು ಛಂದ ಹಾಡ್ತಾರ, ಪಾಪ, ಒಬ್ಬ ತಬಲಾದವನೂ ಸಿಗಲಿಲ್ಲೇನು ಅಂತ."

ಪ್ಲೇಟ್ ಇಡೂ ಜಾಗ

ಡೋಣಿ ಊರಿನ ವ್ಯಾಪಾರಸ್ಥರೊಬ್ಬರ ಮನೆಗೆ ರೇಡಿಯೋಗ್ರಾಮನ್ನು ನಾನೇ ಒಯ್ದು ಕೂಡಿಸಿ ಬಂದಿದ್ದೆ. ಆಗ ರೆಕಾರ್ಡಿಗೆ ಎಲ್ಲರೂ ಪ್ಲೇಟ್ ಎನ್ನುತ್ತಿದ್ದರು. ಪೆಟ್ಟಿಗೆಯ ಕೆಳಗಿನ ಖಾನೆ ತೆರೆದು, ಮನೆಯ ಮುದುಕಿಗೆ, "ಆಯಿ, ಇದು ಪ್ಲೇಟ್ ಇಡೂ ಜಾಗ ನೋಡ್ರಿ, ಧೂಳ ಹತ್ತೂದಿಲ್ಲ" ಎಂದು ತೋರಿಸಿದ್ದೆ.

ತಿಂಗಳೊಳಗೆ ವ್ಯಾಪಾರಸ್ಥರು ಖಬರ ಕಳಿಸಿದರು: ಮಷೀನಿಗೆ ಇರುವೆ ಹತ್ತಿವೆ, ಜಲ್ದಿ ಬರಬೇಕು. ವೈರು ಕಡಿದುಬಿಟ್ಟರೆ ಹೊಸದೇ ಕೊಡಬೇಕಾದೀತೆಂದು ಮಾಲಕರಿಗೆ ನಿದ್ದೆ ಇಲ್ಲ. ಹೋಗಿ ಮುಚ್ಚಳ ತೆಗೆದೆ. ಮೇಲೆಲ್ಲ ಸ್ವಚ್ಛ. ವೈರು ಸುರಕ್ಷಿತ. ಹಾಡೂ ಚೆನ್ನಾಗಿ ಬಂತು. ಕೆಳಗಿನ ಖಾನೆ ಎಳೆದರೆ ಸ್ಟೀಲಿನ ಪ್ಲೇಟುಗಳು, ಅವುಗಳ ಪಕ್ಕದಲ್ಲಿ ಕಡಕ್ ರೊಟ್ಟಿಯ ದೊಡ್ಡ ಒಟ್ಟಿಲು, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ!

"ಆಯಿ, ಏನ್ರಿ ಇದು?"

"ಪ್ಲೇಟ್ ಇಡೂ ಜಾಗ ಅಂದಾಂವ ನೀನ ಅಲ್ಲೇನಪಾ?"

"ಅಂದಿದ್ದೆ ರಿ. ಆದ್ರ ರೊಟ್ಟಿ, ಹಿಂಡಿ?"

ಆಯಿ ನನ್ನನ್ನು ಕನಿಕರದಿಂದ ನೋಡಿದರು. "ಬರೇ ಪ್ಲೇಟ್ ಇಟಕೊಂಡು ಏನ ಉಣ್ಣೂದೋ ತಮ್ಮಾ?"

ಮಾಸ್ತರರು ಪಾರಾದದ್ದು

ಬೆಟಗೇರಿಯ ಒಬ್ಬ ಮಾಸ್ತರರು ರವಿವಾರ ಬಂತೆಂದರೆ ಅಂಗಡಿಯಲ್ಲಿ ಹಾಜರು. ಬಗಲಲ್ಲಿ ತಮ್ಮದೇ ಒಂದು ರೆಕಾರ್ಡು. ಅದನ್ನು ರೇಡಿಯೋಗ್ರಾಮಿನಲ್ಲಿ ಒಮ್ಮೆ ಕೇಳುವರು, ಬಿಡಿ ಪ್ಲೇಯರಿನಲ್ಲಿ ಒಮ್ಮೆ ಕೇಳುವರು. "ಕೂಡಿದ್ರಾಗ ಮನಿಗೆ ಶೋಭಾ, ಬ್ಯಾರೇದ್ರಾಗ ಕಿವಿಗೆ ಸುಖ. ವಿಚಾರ ಮಾಡ್ತೀನಿ" ಎಂದು ಹೋಗುವರು. ವರ್ಷಗಳೇ ಉರುಳಿದವು. ಆ ರೆಕಾರ್ಡು ಸವೆದು, ಹಾಡಿದವರು ಗಂಡಸೋ ಹೆಂಗಸೋ ತಿಳಿಯದಂತಾಯಿತು.

ಎಂಬತ್ತರ ದಶಕ ಕಾಲಿಟ್ಟು, ಕ್ಯಾಸೆಟ್ಟು ಮನೆಮನೆಗೆ ಬಂತು. ಒಂದು ರವಿವಾರ ಮಾಸ್ತರರು ಬರಿಗೈಲಿ, ನಗುನಗುತ್ತ ಬಂದರು. "ಪಾರಾದ್ನೆಪಾ! ಈಗ ಎರಡೂ ಬ್ಯಾಡ. ಟೇಪ್ ರೆಕಾರ್ಡರ್ ತಗೋತೀನಿ. ಎಷ್ಟ ಹಗುರಾತು ತಲಿ!"

ಅವರಿಗಿಂತ ಹೆಚ್ಚು ಹಗುರಾದವನು ನಾನು. ಚಹಾ ತರಿಸಿದೆ. ಇಬ್ಬರೂ ನೆಮ್ಮದಿಯಿಂದ ಕುಡಿದೆವು. ಕಪ್ಪು-ಬಸಿ ಕೆಳಗಿಟ್ಟು ಮಾಸ್ತರರು ಕೇಳಿದರು: "ಅಲ್ಲಾ, ಅದರಾಗ ರೇಡಿಯೋ ಕೂಡಿದ್ದು ಛಲೋನೋ, ಬ್ಯಾರೆ ಇದ್ದದ್ದು ಛಲೋನೋ?"

ಕೇಳಾವರು ಆರಸ್ಲಿ

ಇವೆಲ್ಲವನ್ನೂ ಮೀರಿಸಿದ್ದು ಒಂದು ಮದುವೆಯ ಪ್ರಸಂಗ. ಹುಡುಗಿ ಮುಂಡರಗಿಯವಳು, ವರ ಗದಗಿನವನು. ಮಾತುಕತೆ ಮುಗಿದು ಲಗ್ನ ಗೊತ್ತಾಗಿತ್ತು. ಹುಡುಗಿಗೆ ಹಾಡೆಂದರೆ ಪ್ರಾಣ ಎಂದು ಅವಳ ತಂದೆ ತಾವಾಗಿಯೇ ಒಂದು ಪ್ಲೇಯರ್ ಕೊಡಿಸಲು ಬಂದಿದ್ದರು. ಜೊತೆಗೆ ಹುಡುಗಿ, ಅವಳ ಅಜ್ಜಿ. ವರನೂ ಅವನ ತಂದೆಯೂ ಬಂದರು. ಕಾಫಿ ಕುಡಿಯುವ ತನಕ ಎಲ್ಲ ಚೆನ್ನಾಗಿತ್ತು.

"ರೇಡಿಯೋಗ್ರಾಮ ಕೊಡ್ತೀನ್ರಿ. ಹಂದರದಾಗ ಇಟ್ರ ಮಂದಿಗೆ ಕಾಣಬೇಕು" ಎಂದರು ಹುಡುಗಿಯ ತಂದೆ.

"ಅಷ್ಟ ದೊಡ್ಡ ಪೆಟಗಿ ಇಡಾಕ ನಮ್ಮ ಮನ್ಯಾಗ ಜಾಗ ಎಲ್ಲೈತ್ರಿ ಬೀಗರ? ಬ್ಯಾರೆ ಬ್ಯಾರೇದ್ದ ಇರ್ಲಿ" ಎಂದರು ವರನ ತಂದೆ.

"ಪೆಟಗಿಗೆ ಜಾಗ ಇಲ್ಲಂದ್ರ ನಮ್ಮ ಮಗಳಿಗಾರ ಐತೇನ್ರಿ?"

ಮಾತು ಅಲ್ಲಿಂದ ಹಳಿ ತಪ್ಪಿತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು, ವರ ಕಿಟಕಿಯ ಕಡೆ ಮುಖ ತಿರುಗಿಸಿದ. ನಮ್ಮ ಮಾಲಕರು ನಡುವೆ ಬಂದು, "ಕೇಳಾವರು ಅವರಿಬ್ಬರು. ಅವರ ಎರಡೂ ಕೇಳಿ ಆರಸ್ಲಿ ಬಿಡ್ರಿ" ಎಂದರು. ಹಿಂದಿನ ಕೋಣೆಯಲ್ಲಿ ಎರಡೂ ಯಂತ್ರಗಳನ್ನು ಇಟ್ಟಿದ್ದೆವು. ಅಜ್ಜಿಯನ್ನು ಕಾವಲಿಗೆ ಕೂಡಿಸಿ, ಇಬ್ಬರನ್ನೂ ಒಳಗೆ ಬಿಟ್ಟು, ನಾನು ಬಿಡಿ ಪ್ಲೇಯರಿನ ಮೇಲೆ ರೆಕಾರ್ಡು ಇಟ್ಟು ಮುಳ್ಳು ಇಳಿಸಿದೆನೋ ಇಲ್ಲವೋ, ಕರೆಂಟು ಹೋಯಿತು. ಹೊರಗೆ ಬೀಗರ ದನಿ ಏರಿದ್ದು ಕೇಳಿ, ಅದನ್ನು ಹಾಗೇ ಬಿಟ್ಟು ಓಡಿ ಬಂದೆ.

ಫ್ಯಾನು ನಿಂತಿತ್ತು, ಬೀಗರು ನಿಂತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ಇಬ್ಬರೂ ತಂತಮ್ಮ ಮನೆತನದ ಹಿರಿಮೆಯನ್ನೆಲ್ಲ ಹೇಳಿ ಮುಗಿಸಿದರು. ಕಡೆಗೆ ಹುಡುಗಿಯ ತಂದೆ ರುಮಾಲು ಝಾಡಿಸಿ ಎದ್ದರು. "ಈ ಸಂಬಂಧಾನ ಬ್ಯಾಡ. ಕರೀರಿ ನನ್ನ ಮಗಳನ್ನ!"

ಮಾಲಕರ ಮುಖ ಸಣ್ಣದಾಯಿತು. ನಾನು ಕೋಣೆಯ ಬಾಗಿಲು ತೆರೆದೆ. ಅಜ್ಜಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ವರ, ಹುಡುಗಿ ಕಿಟಕಿಯ ಹತ್ತಿರ ಕೂತು ನಗುತ್ತ ಮಾತಾಡುತ್ತಿದ್ದವರು ಗಡಬಡಿಸಿ ಎದ್ದರು. ಬೀಗರಿಬ್ಬರೂ ನನ್ನ ಹಿಂದೆಯೇ ಬಂದರು. ವರನ ತಂದೆ ಕೇಳಿದರು: "ಕೇಳಿದ್ರೇನಪಾ ಎರಡೂ?"

"ಕೇಳಿದ್ವಿ ರಿ ಅಪ್ಪಾ" ಎಂದ ವರ. "ಆವಾಜ ಭಾಳ ಇಂಪೈತ್ರಿ."

"ನೀ ಏನಂತೀವಾ ತಂಗಿ?"

ಹುಡುಗಿ ತಲೆ ತಗ್ಗಿಸಿ ಹೇಳಿದಳು: "ಸ್ವಲ್ಪಾನೂ ಗರಗರ ಅನ್ನೂದಿಲ್ರಿ ಮಾವಾರ."

ವರನ ತಂದೆ ನಿಂತ ಫ್ಯಾನು ನೋಡಿದರು. ಬೀಗರ ಮುಖ ನೋಡಿದರು. ಹುಡುಗಿಯ ತಂದೆಯ ಮೀಸೆ ಅಲುಗಿತು. ಮರುಕ್ಷಣ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಯಾವುದಾರ ಕೊಡ್ರಿ ಬೀಗರ" ಎಂದರು ವರನ ತಂದೆ, ಕಣ್ಣೊರೆಸಿಕೊಳ್ಳುತ್ತ. "ಇವರು ಕೇಳೂದು ಪ್ಲೇಯರ್ ಅಲ್ಲ."

ಲಗ್ನ ಉಳಿಯಿತು. ಮಾಲಕರು ದೇವರ ಫೋಟೋದ ಕಡೆ ತಿರುಗಿ ಕೈ ಮುಗಿದರು. ಅಷ್ಟರಲ್ಲಿ ಕರೆಂಟು ಬಂತು. ನಾನು ಇಟ್ಟು ಬಂದಿದ್ದ ರೆಕಾರ್ಡು ಯಾರೋ ನರಳಿದಂತೆ ತಿರುಗಲು ಸುರುಮಾಡಿ, ಒಮ್ಮೆಲೇ ಕೋಣೆ ತುಂಬ ಹಾಡಿತು.

ವರ ಬೆಚ್ಚಿಬಿದ್ದು ಹಿಂದೆ ಸರಿದ. "ಅಯ್ಯಯ್ಯ, ಇದೇನ್ರೀ ಸಪ್ಪಳಾ?"